ಹಳೆಯ ವಾದ್ಯ ಆಂಪ್ಲಿಫೈಯರ್‌ಗೆ ಬದಲಿ ಔಟ್‌ಪುಟ್ ಟ್ರಾನ್ಸಿಸ್ಟರ್ ಆರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

1960ರ ದಶಕದ ಮಧ್ಯಭಾಗದಿಂದ 1980ರ ದಶಕದವರೆಗೆ ತಯಾರಾದ, ವಾಲ್ವ್‌ಗಳಿಲ್ಲದ ಗಿಟಾರ್, ಬೇಸ್ ಗಿಟಾರ್ ಮತ್ತು ಕೀಬೋರ್ಡ್ ಆಂಪ್ಲಿಫೈಯರ್‌ಗಳಲ್ಲಿ ಹೆಚ್ಚಾಗಿ ಕೆಡುವುದು ಸ್ಪೀಕರಿಗೆ ಶಕ್ತಿ ಒದಗಿಸುವ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳೇ. ಅವುಗಳಿಗೆ ತಕ್ಕ ಬದಲಿಯನ್ನು ಹುಡುಕುವವರಿಗೆ ಎದುರಾಗುವ ಪ್ರಶ್ನೆಗಳನ್ನು ಇಲ್ಲಿ ಒಂದೊಂದಾಗಿ ತೆಗೆದುಕೊಳ್ಳಲಾಗಿದೆ. ಮಲ್ಟಿಮೀಟರ್ ಮತ್ತು ಬೆಸುಗೆ ಕಡ್ಡಿಯ ಬಳಕೆ ಓದುಗರಿಗೆ ತಿಳಿದಿದೆ ಎಂದು ಭಾವಿಸಿದ್ದೇನೆ. ವಿದ್ಯುತ್ ಸಂಪರ್ಕ ತೆಗೆದ ಮೇಲೂ ದೊಡ್ಡ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ. ಅದನ್ನು ರೆಸಿಸ್ಟರಿನ ಮೂಲಕ ಬರಿದು ಮಾಡಿ, ಮೀಟರಿನಲ್ಲಿ ಖಚಿತಪಡಿಸಿಕೊಂಡ ನಂತರವೇ ಒಳಗೆ ಕೈಯಿಡಬೇಕು.

ಸುಟ್ಟುಹೋದ ಟ್ರಾನ್ಸಿಸ್ಟರಿನ ಸಂಖ್ಯೆಯನ್ನೇ ಹೊತ್ತ ಹೊಸದೊಂದನ್ನು ತಂದು ಹಾಕಿದರೆ ಸಾಲದೇ?

ಎಷ್ಟೋ ಸಲ ಸಾಲುತ್ತದೆ, ಆದರೆ ಸಂಖ್ಯೆ ಒಂದೇ ಆಗಿದ್ದ ಮಾತ್ರಕ್ಕೆ ಒಳಗಿರುವ ವಸ್ತುವೂ ಒಂದೇ ಎಂದು ನಂಬುವಂತಿಲ್ಲ. ಇದಕ್ಕೆ 2ಎನ್3055 ಎಂಬ ಪ್ರಸಿದ್ಧ ಟ್ರಾನ್ಸಿಸ್ಟರಿಗಿಂತ ಒಳ್ಳೆಯ ನಿದರ್ಶನವಿಲ್ಲ. 1960ರ ದಶಕದಲ್ಲಿ ಆರ್‌ಸಿಎ ಸಂಸ್ಥೆ ಅದನ್ನು ಹೋಮೋಟ್ಯಾಕ್ಸಿಯಲ್ ಎಂಬ ವಿಧಾನದಲ್ಲಿ ತಯಾರಿಸುತ್ತಿತ್ತು. ಟ್ರಾನ್ಸಿಸ್ಟರಿನ ಎಮಿಟರ್, ಬೇಸ್, ಕಲೆಕ್ಟರ್ ಎಂಬ ಮೂರು ಪದರಗಳಲ್ಲಿ ನಡುವಿನ ಬೇಸ್ ಅದರಲ್ಲಿ ಅಗಲವಾಗಿದ್ದುದರಿಂದ ವೇಗ ಕಡಿಮೆ. ಗೇನ್, ಅಂದರೆ ಬೇಸ್‌ಗೆ ಕೊಟ್ಟ ಕರೆಂಟನ್ನು ಹೆಚ್ಚಿಸುವ ಪಟ್ಟು, ಒಂದಕ್ಕೆ ಇಳಿಯುವ ಆವರ್ತನ ಸುಮಾರು 0.8 ಮೆಗಾಹರ್ಟ್ಸ್ ಮಾತ್ರ. ಆದರೆ ಅದೇ ಅಗಲವಾದ ಬೇಸ್‌ನಿಂದಾಗಿ ಹೆಚ್ಚಿನ ವೋಲ್ಟೇಜ್ ಮತ್ತು ಹೆಚ್ಚಿನ ಕರೆಂಟ್ ಒಟ್ಟಿಗೆ ಬಂದಾಗ ತಾಳಿಕೊಳ್ಳುವ ಶಕ್ತಿಯೂ ಅದಕ್ಕಿತ್ತು. ಮುಂದೆ ತಯಾರಿಕೆಯ ವಿಧಾನ ಎಪಿಟ್ಯಾಕ್ಸಿಯಲ್ ಬೇಸ್‌ಗೆ ಬದಲಾದಾಗ ವೇಗ ಕನಿಷ್ಠ 2.5 ಮೆಗಾಹರ್ಟ್ಸ್‌ಗೆ ಏರಿತು, ಆದರೆ ಮೇಲಿನ ವೋಲ್ಟೇಜ್‌ಗಳಲ್ಲಿ ತಾಳಿಕೆ ಕುಗ್ಗಿತು. ಎರಡಕ್ಕೂ ಹೆಸರು 2ಎನ್3055, ಎರಡಕ್ಕೂ 60 ವೋಲ್ಟ್, 15 ಆಂಪಿಯರ್, 115 ವ್ಯಾಟ್ ಎಂಬುದೇ ಮುದ್ರಿತ ಮಿತಿ. ಹಳೆಯದನ್ನು ನಂಬಿ ವಿನ್ಯಾಸಗೊಳಿಸಿದ ಆಂಪ್ಲಿಫೈಯರಿನಲ್ಲಿ ಹೊಸದು ಮೊದಲ ಜೋರಾದ ಕೆಳ ಸ್ವರಕ್ಕೇ ಸಾಯಬಹುದು. ಆದ್ದರಿಂದ ಕೇಳಬೇಕಾದ ಪ್ರಶ್ನೆ ಕವಚದ ಮೇಲೆ ಏನು ಬರೆದಿದೆ ಎಂಬುದಲ್ಲ, ಈ ಸರ್ಕ್ಯೂಟ್ ತನ್ನ ಟ್ರಾನ್ಸಿಸ್ಟರಿನಿಂದ ಏನನ್ನು ಬಯಸುತ್ತದೆ ಎಂಬುದು.

ಕವಚದ ಮೇಲಿನ ಅಂಕಿಗಳನ್ನು ಓದುವುದು ಹೇಗೆ?

ಅಮೆರಿಕದ ನೋಂದಣಿಯ ಸಂಖ್ಯೆಗಳು 2ಎನ್ ಎಂದು ಆರಂಭವಾಗುತ್ತವೆ. ಅವುಗಳಿಂದ ಒಳಗಿನ ಧಾತುವಾಗಲಿ (ಸಿಲಿಕಾನ್ ಅಥವಾ ಜರ್ಮೇನಿಯಂ) ಧ್ರುವೀಯತೆಯಾಗಲಿ (ಕರೆಂಟ್ ಹರಿಯುವ ದಿಕ್ಕಿನಲ್ಲಿ ಒಂದಕ್ಕೊಂದು ವಿರುದ್ಧವಾದ ಎನ್‌ಪಿಎನ್ ಅಥವಾ ಪಿಎನ್‌ಪಿ ಬಗೆ) ತಿಳಿಯದು. ಜಪಾನಿನ ಪದ್ಧತಿಯಲ್ಲಿ 2ಎಸ್‌ಎ ಮತ್ತು 2ಎಸ್‌ಬಿ ಎಂದರೆ ಪಿಎನ್‌ಪಿ, 2ಎಸ್‌ಸಿ ಮತ್ತು 2ಎಸ್‌ಡಿ ಎಂದರೆ ಎನ್‌ಪಿಎನ್. ಕವಚದ ಮೇಲೆ ಮೊದಲಿನ 2ಎಸ್ ಅನ್ನು ಬಿಟ್ಟು ಮುದ್ರಿಸುವ ವಾಡಿಕೆಯಿರುವುದರಿಂದ, ಡಿ ಅಕ್ಷರದಿಂದ ಆರಂಭವಾಗುವುದು 2ಎಸ್‌ಡಿ ಆಗಿರಬಹುದು. ಯುರೋಪಿನ ಪದ್ಧತಿಯಲ್ಲಿ ಮೊದಲ ಅಕ್ಷರ ಎ ಆಗಿದ್ದರೆ ಜರ್ಮೇನಿಯಂ, ಬಿ ಆಗಿದ್ದರೆ ಸಿಲಿಕಾನ್. ಎರಡನೆಯ ಅಕ್ಷರ ಡಿ ಆಗಿದ್ದರೆ ಅದು ಶ್ರವ್ಯ ಆವರ್ತನದ ಪವರ್ ಟ್ರಾನ್ಸಿಸ್ಟರ್. ಹಾಗಾಗಿ ಎಡಿ149 ಎಂಬ ಹೆಸರೇ ಅದು ಜರ್ಮೇನಿಯಂ ಪವರ್ ಟ್ರಾನ್ಸಿಸ್ಟರ್ ಎಂದು ಹೇಳಿಬಿಡುತ್ತದೆ.

ನಾಲ್ಕಂಕಿಯ ಒಂಟಿ ಸಂಖ್ಯೆ ಕಂಡರೆ ಅವಸರಪಡಬಾರದು. 7412 ಎಂಬುದು 1974ರ 12ನೆಯ ವಾರದಲ್ಲಿ ತಯಾರಾಯಿತು ಎನ್ನುವ ದಿನಾಂಕ ಸೂಚಿಯಾಗಿರುವ ಸಾಧ್ಯತೆಯೇ ಹೆಚ್ಚು. ಯಾವ ಪದ್ಧತಿಗೂ ಹೊಂದದ ಸಂಖ್ಯೆಯಿದ್ದರೆ ಅದು ಆಂಪ್ಲಿಫೈಯರ್ ತಯಾರಕರು ಹಾಕಿಸಿಕೊಂಡ ಸ್ವಂತ ಸಂಖ್ಯೆಯಾಗಿರಬಹುದು. ಅಂಥವುಗಳಲ್ಲಿ ಕೆಲವು ಸಾಮಾನ್ಯ ಟ್ರಾನ್ಸಿಸ್ಟರ್‌ಗಳೇ. ಇನ್ನು ಕೆಲವು ಹೆಚ್ಚಿನ ವೋಲ್ಟೇಜ್‌ಗಾಗಿಯೋ ಹೆಚ್ಚಿನ ಗೇನ್‌ಗಾಗಿಯೋ ಪರೀಕ್ಷಿಸಿ ಆರಿಸಿದವು. ಇದು 2ಎನ್3055ರ ಇನ್ನೊಂದು ಹೆಸರು ಎಂದು ಯಾರಾದರೂ ಹೇಳಿದರೂ, ಸರ್ಕ್ಯೂಟಿನ ವೋಲ್ಟೇಜ್ ಅಳೆಯದೆ ಒಪ್ಪಬೇಡಿ.

ಸರ್ಕ್ಯೂಟ್ ನಕ್ಷೆಯೂ ಇಲ್ಲ, ಸಂಖ್ಯೆಯೂ ಅಳಿಸಿಹೋಗಿದೆ. ಎಲ್ಲಿಂದ ಆರಂಭಿಸಬೇಕು?

ಎಲ್ಲ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳನ್ನು ತೆಗೆದು, ಕರೆಂಟನ್ನು ಮಿತಿಗೊಳಿಸಲು ವಿದ್ಯುತ್ ತಂತಿಗೆ ಸರಣಿಯಲ್ಲಿ ತಂತಿ ಬಲ್ಬ್ (ಹಳೆಯ ಬಗೆಯ, ಎಲ್‌ಇಡಿಯಲ್ಲದ ಬಲ್ಬ್) ಹಾಕಿ, ಸಪ್ಲೈ ವೋಲ್ಟೇಜ್ ಅಳೆಯಿರಿ. ಧನ ಮತ್ತು ಋಣ ಎರಡೂ ಇವೆಯೇ, ಅಥವಾ ಒಂದೇ ಸಪ್ಲೈ ಇದ್ದು ಸ್ಪೀಕರಿಗೆ ದೊಡ್ಡ ಕೆಪಾಸಿಟರ್ ಮೂಲಕ ಸಂಪರ್ಕವಿದೆಯೇ ಎಂದು ಗಮನಿಸಿ. ನಂತರ ತಂತಿಗಳನ್ನು ಹಿಂಬಾಲಿಸಿ: ಮೇಲಿನ ಮತ್ತು ಕೆಳಗಿನ ಎರಡೂ ಟ್ರಾನ್ಸಿಸ್ಟರ್ ಎನ್‌ಪಿಎನ್ ಆಗಿದ್ದು, ಅವುಗಳ ಡ್ರೈವರ್‌ಗಳು (ಅವುಗಳ ಬೇಸ್‌ಗೆ ಕರೆಂಟ್ ಒದಗಿಸುವ ಟ್ರಾನ್ಸಿಸ್ಟರ್‌ಗಳು) ಮಾತ್ರ ಎನ್‌ಪಿಎನ್ ಮತ್ತು ಪಿಎನ್‌ಪಿ ಜೋಡಿಯಾಗಿದ್ದರೆ ಅದು ಕ್ವಾಸಿ ಕಾಂಪ್ಲಿಮೆಂಟರಿ ರಚನೆ. ಒಳ್ಳೆಯ ಪಿಎನ್‌ಪಿ ಸಿಲಿಕಾನ್ ಪವರ್ ಟ್ರಾನ್ಸಿಸ್ಟರ್ ದುಬಾರಿಯಾಗಿದ್ದ ಕಾಲದಲ್ಲಿ ಇದೇ ರಚನೆ ಹೆಚ್ಚು ರೂಢಿಯಲ್ಲಿತ್ತು. ಈ ರಚನೆಯ ಕೆಳಗಿನ ಎನ್‌ಪಿಎನ್ ಜಾಗಕ್ಕೆ ಪಿಎನ್‌ಪಿ ಹಾಕಿ ಸುಧಾರಿಸುತ್ತೇನೆ ಎಂದು ಹೊರಡಬೇಡಿ; ಸರ್ಕ್ಯೂಟನ್ನೇ ಬದಲಿಸದೆ ಅದು ಕೆಲಸ ಮಾಡದು. ಸಾಲಿನಲ್ಲಿ ಒಂದಾದರೂ ಟ್ರಾನ್ಸಿಸ್ಟರ್ ಜೀವಂತವಾಗಿದ್ದರೆ ಅದರ ಬೇಸ್ ಮತ್ತು ಎಮಿಟರ್ ನಡುವಿನ ಡಯೋಡ್ ಅಳತೆಯಿಂದ ಧಾತುವೂ ಧ್ರುವೀಯತೆಯೂ ತಿಳಿಯುತ್ತವೆ: ಸಿಲಿಕಾನ್ ಸುಮಾರು 0.5ರಿಂದ 0.7 ವೋಲ್ಟ್ ತೋರಿಸುತ್ತದೆ, ಜರ್ಮೇನಿಯಂ ಅದರ ಅರ್ಧಕ್ಕಿಂತ ಕಡಿಮೆ.

ಟ್ರಾನ್ಸಿಸ್ಟರಿನ ವೋಲ್ಟೇಜ್ ಮಿತಿ ಎಷ್ಟಿರಬೇಕು?

ಧನ 40 ಮತ್ತು ಋಣ 40 ವೋಲ್ಟ್ ಸಪ್ಲೈ ಇರುವ ಆಂಪ್ಲಿಫೈಯರಿನಲ್ಲಿ 60 ವೋಲ್ಟಿನ ಟ್ರಾನ್ಸಿಸ್ಟರ್ ಸಾಕು ಎಂದುಕೊಳ್ಳುವವರನ್ನು ಬಹಳ ಕಂಡಿದ್ದೇನೆ. ಔಟ್‌ಪುಟ್ ಧನ ತುದಿಯವರೆಗೆ ಏರಿದಾಗ ಕೆಳಗಿನ ಟ್ರಾನ್ಸಿಸ್ಟರ್ ಹೆಚ್ಚುಕಡಿಮೆ ಪೂರ್ತಿ 80 ವೋಲ್ಟನ್ನು ಎದುರಿಸುತ್ತದೆ. ಮನೆಯ ವಿದ್ಯುತ್ತು ಶೇಕಡ 10ರಷ್ಟು ಏರಿದರೆ ಅದು 88 ಆಗುತ್ತದೆ. ಹಾಗಾಗಿ ಬೇಸ್ ತೆರೆದಿರುವಾಗಿನ ಕಲೆಕ್ಟರ್‌–ಎಮಿಟರ್ ಮಿತಿಯನ್ನು ನೋಡಬೇಕು, ಡೇಟಾಶೀಟಿನಲ್ಲಿ (ತಯಾರಕರ ವಿವರಪಟ್ಟಿಯಲ್ಲಿ) ಅದರ ಪಕ್ಕದಲ್ಲೇ ಕಾಣುವ, ಹೆಚ್ಚಾಗಿ ದೊಡ್ಡದಾಗಿರುವ ಕಲೆಕ್ಟರ್‌–ಬೇಸ್ ಮಿತಿಯನ್ನಲ್ಲ. ಈ ಉದಾಹರಣೆಗೆ ನಾನು 120 ವೋಲ್ಟಿಗಿಂತ ಕಡಿಮೆಯದನ್ನು ಆರಿಸುವುದಿಲ್ಲ. ಒಂದೇ ಸಪ್ಲೈ ಇರುವಲ್ಲಿ ಆ ಪೂರ್ತಿ ವೋಲ್ಟೇಜನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ವ್ಯಾಟ್ ಮಿತಿ ಹೆಚ್ಚಿದ್ದರೆ ಸುರಕ್ಷಿತವಲ್ಲವೇ?

ವ್ಯಾಟ್ ಅಂಕಿಯಷ್ಟು ದಾರಿ ತಪ್ಪಿಸುವ ಅಂಕಿ ಡೇಟಾಶೀಟಿನಲ್ಲಿ ಇನ್ನೊಂದಿಲ್ಲ. 2ಎನ್3055ರ 115 ವ್ಯಾಟ್ ಎಂಬುದು ಅದರ ಕವಚವನ್ನು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಿಡಿದಿಟ್ಟಾಗ ಮಾತ್ರ ಸಲ್ಲುತ್ತದೆ. ಅದಕ್ಕಿಂತ ಮೇಲೆ ಪ್ರತಿ ಡಿಗ್ರಿಗೂ ಸುಮಾರು 0.66 ವ್ಯಾಟ್ ಕಳೆಯಬೇಕು. ಹೀಟ್‌ಸಿಂಕ್ (ಶಾಖವನ್ನು ಹೊರಹಾಕುವ ಲೋಹದ ತುಂಡು) ಕಾದು ಕವಚ 80 ಡಿಗ್ರಿಗೆ ಬಂದಾಗ ಉಳಿಯುವುದು ಸುಮಾರು 79 ವ್ಯಾಟ್. ಅದೇ ಸ್ಥಿತಿಯಲ್ಲಿ 250 ವ್ಯಾಟಿನ ಎಂಜೆ15003 ಎಂಬ ಟ್ರಾನ್ಸಿಸ್ಟರ್ ಸುಮಾರು 171 ವ್ಯಾಟ್ ತಾಳುತ್ತದೆ.

ಅದಕ್ಕಿಂತ ಮುಖ್ಯವಾದದ್ದು, ಯಾವ ವೋಲ್ಟೇಜಿನಲ್ಲಿ ಎಷ್ಟು ಕರೆಂಟ್ ತಾಳಬಲ್ಲದು ಎಂದು ತೋರಿಸುವ ಸುರಕ್ಷಿತ ಕಾರ್ಯ ವಲಯದ ನಕ್ಷೆ. ಟ್ರಾನ್ಸಿಸ್ಟರಿನ ಮೇಲೆ ವೋಲ್ಟೇಜ್ ಹೆಚ್ಚಾದಂತೆ ಕರೆಂಟ್ ಚಿಪ್‌ನ ತುಂಬ ಸಮನಾಗಿ ಹರಡದೆ ಒಂದು ಚುಕ್ಕೆಯಲ್ಲಿ ಸೇರಿಕೊಳ್ಳತೊಡಗುತ್ತದೆ. ಆ ಚುಕ್ಕೆ ಕಾದು ಇನ್ನಷ್ಟು ಕರೆಂಟನ್ನು ಸೆಳೆದು ಕ್ಷಣಾರ್ಧದಲ್ಲಿ ಕರಗುತ್ತದೆ. ಇದನ್ನು ಸೆಕೆಂಡ್ ಬ್ರೇಕ್‌ಡೌನ್ ಎನ್ನುತ್ತಾರೆ. ಎಂಜೆ15003 ತನ್ನ ಮೇಲೆ 50 ವೋಲ್ಟ್ ಇರುವಾಗ 5 ಆಂಪಿಯರ್, ಅಂದರೆ ಪೂರ್ತಿ 250 ವ್ಯಾಟ್ ತಾಳುತ್ತದೆ, ಆದರೆ 100 ವೋಲ್ಟ್ ಇರುವಾಗ 1 ಆಂಪಿಯರ್, ಅಂದರೆ 100 ವ್ಯಾಟ್ ಮಾತ್ರ.

ವಾದ್ಯದ ಆಂಪ್ಲಿಫೈಯರಿಗೆ ಇದು ಯಾಕೆ ಇಷ್ಟು ಮುಖ್ಯ ಎಂದರೆ ಸ್ಪೀಕರ್ ಬರಿಯ ರೆಸಿಸ್ಟರ್ ಅಲ್ಲ. ಧನ ಮತ್ತು ಋಣ 40 ವೋಲ್ಟಿನಲ್ಲಿ, 4 ಓಮ್‌ನ ಶುದ್ಧ ರೆಸಿಸ್ಟರ್ ಇದ್ದರೆ ಒಂದು ಬದಿಯ ಟ್ರಾನ್ಸಿಸ್ಟರಿನ ಮೇಲಿನ ಕ್ಷಣಿಕ ಹೊರೆ ಹೆಚ್ಚೆಂದರೆ 100 ವ್ಯಾಟ್, ಸರಾಸರಿ ಹೊರೆ ಹೆಚ್ಚೆಂದರೆ ಸುಮಾರು 40 ವ್ಯಾಟ್. ಆದರೆ ಪೆಟ್ಟಿಗೆಯೊಳಗಿನ ಸ್ಪೀಕರ್ ತನ್ನ ಅನುರಣನದ ಆಸುಪಾಸಿನಲ್ಲಿ ಕರೆಂಟನ್ನು ವೋಲ್ಟೇಜಿನಿಂದ ಹಿಂದೆ ಅಥವಾ ಮುಂದೆ ಸರಿಸುತ್ತದೆ. ಆಗ ಟ್ರಾನ್ಸಿಸ್ಟರಿನ ಮೇಲೆ 40 ವೋಲ್ಟ್ ಅಥವಾ ಅದಕ್ಕೂ ಹೆಚ್ಚು ಇರುವಾಗಲೇ ದೊಡ್ಡ ಕರೆಂಟ್ ಹರಿಯುತ್ತದೆ, ಕ್ಷಣಿಕ ಹೊರೆ ರೆಸಿಸ್ಟರಿನ ಲೆಕ್ಕವನ್ನು ಬಹಳ ದೂರ ಮೀರುತ್ತದೆ. ಬೇಸ್ ಗಿಟಾರಿನ ಕೆಳ ಸ್ವರಗಳು ಬೀಳುವುದು ಸರಿಯಾಗಿ ಇದೇ ವಲಯದಲ್ಲಿ. 8 ಓಮ್‌ನ ಎರಡು ಪೆಟ್ಟಿಗೆಗಳನ್ನು ಸಮಾಂತರವಾಗಿ ಜೋಡಿಸಿ ಗಂಟೆಗಟ್ಟಲೆ ಪೂರ್ತಿ ದನಿಯಲ್ಲಿ ನುಡಿಸುವವರಿಗಾಗಿ ದುರಸ್ತಿ ಮಾಡುತ್ತಿದ್ದೇವೆ ಎಂಬುದನ್ನು ಮರೆಯಬಾರದು. ಆದ್ದರಿಂದ ಬದಲಿಯನ್ನು ಆರಿಸುವಾಗ ಎರಡೂ ಟ್ರಾನ್ಸಿಸ್ಟರ್‌ಗಳ ಕಾರ್ಯ ವಲಯದ ನಕ್ಷೆಗಳನ್ನು ಪಕ್ಕಪಕ್ಕದಲ್ಲಿಟ್ಟು, ಸಪ್ಲೈ ವೋಲ್ಟೇಜ್ ಇರುವ ಜಾಗದಲ್ಲಿ ಎಷ್ಟು ಕರೆಂಟ್ ಅನುಮತಿಸಲಾಗಿದೆ ಎಂದು ಹೋಲಿಸಿ. ಹೊಸದರ ಗೆರೆ ಎಲ್ಲ ಕಡೆಯೂ ಹಳೆಯದರ ಗೆರೆಗಿಂತ ಮೇಲಿರಬೇಕು.

ಹಾಗಾದರೆ ಸಾಮಾನ್ಯವಾಗಿ ಯಾವುದನ್ನು ಹಾಕಬಹುದು?

ಸಿಲಿಕಾನ್ ಟ್ರಾನ್ಸಿಸ್ಟರ್‌ಗಳಿರುವ, ಟಿಓ-3 ಲೋಹದ ಕವಚದ ಆಂಪ್ಲಿಫೈಯರ್‌ಗಳಲ್ಲಿ ನಾನು ಮೊದಲು ಯೋಚಿಸುವುದು ಎಂಜೆ15003 (ಎನ್‌ಪಿಎನ್) ಮತ್ತು ಎಂಜೆ15004 (ಪಿಎನ್‌ಪಿ) ಜೋಡಿಯನ್ನು: 140 ವೋಲ್ಟ್, 20 ಆಂಪಿಯರ್, 250 ವ್ಯಾಟ್. ಇವುಗಳ ವೇಗ ಕನಿಷ್ಠ 2 ಮೆಗಾಹರ್ಟ್ಸ್ ಮಟ್ಟದ್ದಾದ್ದರಿಂದ ಹಳೆಯ ಸರ್ಕ್ಯೂಟ್‌ಗಳಿಗೆ ಒಗ್ಗಿಕೊಳ್ಳುತ್ತವೆ. ಸಪ್ಲೈ ಇನ್ನೂ ಹೆಚ್ಚಿದ್ದರೆ ಎಂಜೆ21194 (ಎನ್‌ಪಿಎನ್) ಮತ್ತು ಎಂಜೆ21193 (ಪಿಎನ್‌ಪಿ) ಜೋಡಿ: 250 ವೋಲ್ಟ್, 16 ಆಂಪಿಯರ್, 250 ವ್ಯಾಟ್, ಕನಿಷ್ಠ 4 ಮೆಗಾಹರ್ಟ್ಸ್. ಎಂಜೆ15024 ಮತ್ತು ಎಂಜೆ15025 ಕೂಡ ಇದೇ ವರ್ಗದವು. 80 ವೋಲ್ಟಿನಲ್ಲಿ 2 ಆಂಪಿಯರ್ ತಾಳುವಂತೆ ಪರೀಕ್ಷೆಗೊಳಗಾದವು. 2ಎನ್3773 (140 ವೋಲ್ಟ್, 16 ಆಂಪಿಯರ್, 150 ವ್ಯಾಟ್) ಮೂಲದಲ್ಲೇ ಇದ್ದರೆ ಅದನ್ನೇ ಮತ್ತೆ ಹಾಕಬಹುದು. ಸಣ್ಣ ಅಭ್ಯಾಸದ ಆಂಪ್ಲಿಫೈಯರ್, ಒಟ್ಟು ಸಪ್ಲೈ 40 ವೋಲ್ಟಿನ ಒಳಗೆ ಎಂದಾದರೆ ಇಂದಿನ 2ಎನ್3055 ಮತ್ತು ಅದರ ಪಿಎನ್‌ಪಿ ಜೊತೆಗಾರ ಎಂಜೆ2955 ಧಾರಾಳವಾಗಿ ಸಾಕು.

ಹೆಚ್ಚು ವೇಗದ ಆಧುನಿಕ ಟ್ರಾನ್ಸಿಸ್ಟರ್ ಹಾಕಿದರೆ ಧ್ವನಿ ಉತ್ತಮವಾಗುವುದಿಲ್ಲವೇ?

ಇಲ್ಲ, ಆಂಪ್ಲಿಫೈಯರ್ ಕೆಡುವ ಸಾಧ್ಯತೆ ಹೆಚ್ಚು. ಹಳೆಯ ವಿನ್ಯಾಸಕರು ನಿಧಾನದ ಔಟ್‌ಪುಟ್ ಟ್ರಾನ್ಸಿಸ್ಟರನ್ನೂ ಸೇರಿಸಿ ಫೀಡ್‌ಬ್ಯಾಕಿನ (ಔಟ್‌ಪುಟ್‌ನ ಒಂದು ಭಾಗವನ್ನು ಇನ್‌ಪುಟ್‌ಗೆ ಮರಳಿಸುವ ಏರ್ಪಾಡಿನ) ಸ್ಥಿರತೆಯನ್ನು ಹೊಂದಿಸಿರುತ್ತಾರೆ. 1 ಮೆಗಾಹರ್ಟ್ಸ್‌ನ ಜಾಗಕ್ಕೆ 4 ಮೆಗಾಹರ್ಟ್ಸ್‌ನದನ್ನು ಹಾಕಿದಾಗ ಹೆಚ್ಚಿನ ಸರ್ಕ್ಯೂಟ್‌ಗಳು ಸಹಿಸಿಕೊಳ್ಳುತ್ತವೆ, ಆದರೆ 30 ಮೆಗಾಹರ್ಟ್ಸ್‌ನ 2ಎಸ್‌ಸಿ5200ರಂಥದ್ದನ್ನು ಹಾಕಿದರೆ ಕಿವಿಗೆ ಕೇಳದ ಆವರ್ತನದಲ್ಲಿ ಆಂದೋಲನ ಹುಟ್ಟಬಹುದು. ವಾದ್ಯ ನುಡಿಸದೆ ಸುಮ್ಮನೆ ಇಟ್ಟಾಗಲೂ ಹೀಟ್‌ಸಿಂಕ್ ಕಾಯುವುದು, ಔಟ್‌ಪುಟ್‌ನ ಸಣ್ಣ ರೆಸಿಸ್ಟರ್ ಕರಕಲಾಗುವುದು, ದನಿಯ ತುದಿಯಲ್ಲಿ ಒರಟು ಸೇರಿಕೊಳ್ಳುವುದು ಇದರ ಲಕ್ಷಣಗಳು.

ಯಾವ ಬದಲಿ ಹಾಕಿದರೂ ಆಸಿಲೋಸ್ಕೋಪಿನಲ್ಲಿ ಔಟ್‌ಪುಟ್ ನೋಡಲೇಬೇಕು. ಲೋಡ್ ಇಲ್ಲದೆ ಒಮ್ಮೆ, ಲೋಡ್ ಜೊತೆಗೆ ಒಮ್ಮೆ, ತುಸು ಕ್ಲಿಪ್ ಆಗುವಂತೆ (ಅಲೆಯ ತುದಿಗಳು ಕತ್ತರಿಸುವಂತೆ) ಮಾಡಿ ಒಮ್ಮೆ. ಆಂದೋಲನ ಕಂಡರೆ ಮೊದಲು ಔಟ್‌ಪುಟ್‌ನಿಂದ ಭೂಮಿಗೆ (ಸರ್ಕ್ಯೂಟಿನ ಶೂನ್ಯ ತುದಿಗೆ) ಇರಬೇಕಾದ 10 ಓಮ್ ಮತ್ತು 0.1 ಮೈಕ್ರೋಫ್ಯಾರಡ್ ಜಾಲ ಇದೆಯೇ, ಸರಿಯಿದೆಯೇ ನೋಡಿ. ಎಷ್ಟೋ ಹಳೆಯ ಆಂಪ್ಲಿಫೈಯರ್‌ಗಳಲ್ಲಿ ಅದು ಮೂಲದಲ್ಲೇ ಇರುವುದಿಲ್ಲ. ಬಳಿಕ ಪ್ರತಿ ಔಟ್‌ಪುಟ್ ಬೇಸ್‌ಗೆ ಕೆಲವು ಓಮ್‌ಗಳ ರೆಸಿಸ್ಟರ್ ಸೇರಿಸಿ ನೋಡಬಹುದು. ಅದಕ್ಕೂ ಮಣಿಯದಿದ್ದರೆ ಆರಿಸಿದ ಟ್ರಾನ್ಸಿಸ್ಟರ್ ಆ ಸರ್ಕ್ಯೂಟಿಗೆ ಒಗ್ಗುವುದಿಲ್ಲ ಎಂದು ಒಪ್ಪಿಕೊಂಡು ನಿಧಾನದ್ದನ್ನು ಹುಡುಕುವುದೇ ಸರಿ.

ನಾಲ್ಕರಲ್ಲಿ ಒಂದು ಮಾತ್ರ ಸುಟ್ಟಿದೆ. ಒಂದನ್ನೇ ಬದಲಿಸಬಹುದೇ?

ಬೇಡ. ಸಮಾಂತರವಾಗಿ ಕೂಡಿಸಿದ ಟ್ರಾನ್ಸಿಸ್ಟರ್‌ಗಳು ಕರೆಂಟನ್ನು ಹಂಚಿಕೊಳ್ಳಬೇಕಾದರೆ ಅವುಗಳ ಬೇಸ್‌–ಎಮಿಟರ್ ವೋಲ್ಟೇಜ್ ಹತ್ತಿರವಿರಬೇಕು. ಎಮಿಟರ್ ರೆಸಿಸ್ಟರ್ 0.33 ಓಮ್ ಇದ್ದು ಎರಡು ಟ್ರಾನ್ಸಿಸ್ಟರ್‌ಗಳ ನಡುವೆ 20 ಮಿಲಿವೋಲ್ಟ್ ವ್ಯತ್ಯಾಸವಿದ್ದರೆ ಕರೆಂಟಿನಲ್ಲಿ ಸುಮಾರು 60 ಮಿಲಿಆಂಪಿಯರ್ ವ್ಯತ್ಯಾಸ ಬರುತ್ತದೆ. ಅದು ಸಹಿಸುವಂಥದ್ದೇ. ಆದರೆ ಹಳೆಯ ಮತ್ತು ಹೊಸ ಜಾತಿಗಳನ್ನು ಬೆರೆಸಿದಾಗ ಗೇನ್ ಮತ್ತು ವೇಗಗಳೂ ಬೇರೆಯಾಗಿ, ಜೋರಾಗಿ ನುಡಿಸುವಾಗ ಒಂದೇ ಟ್ರಾನ್ಸಿಸ್ಟರ್ ಹೊರೆಯನ್ನೆಲ್ಲ ಹೊರುವಂತಾಗುತ್ತದೆ. ಒಂದು ಸುಟ್ಟಾಗ ಪಕ್ಕದವುಗಳೂ ಮಿತಿಮೀರಿದ ಹೊಡೆತ ತಿಂದಿರುತ್ತವೆ. ಮಲ್ಟಿಮೀಟರಿನ ಸಣ್ಣ ವೋಲ್ಟೇಜಿಗೆ ಸರಿಯಾಗಿ ಕಂಡು ಪೂರ್ತಿ ಸಪ್ಲೈ ಬಂದಾಗ ಕುಸಿಯುವ ಟ್ರಾನ್ಸಿಸ್ಟರ್‌ಗಳು ಅಪರೂಪವೇನಲ್ಲ. ಇಡೀ ಸಾಲನ್ನು ಒಂದೇ ದಿನಾಂಕ ಸೂಚಿಯ ಟ್ರಾನ್ಸಿಸ್ಟರ್‌ಗಳಿಂದ ಬದಲಿಸಿ.

ಗೇನ್ ಹೆಚ್ಚಿರಬೇಕೇ, ಕಡಿಮೆಯಿರಬೇಕೇ?

ಹಳೆಯದಕ್ಕೆ ಸಮ ಅಥವಾ ತುಸು ಹೆಚ್ಚು ಇರಲಿ. ನೋಡಬೇಕಾದದ್ದು ಹಲವು ಆಂಪಿಯರ್ ಹರಿಯುವಾಗಿನ ಗೇನನ್ನು. ಅಗ್ಗದ ಪರೀಕ್ಷಕ ಕೆಲವು ಮಿಲಿಆಂಪಿಯರಿನಲ್ಲಿ ತೋರಿಸುವ ಅಂಕಿಗೆ ಇಲ್ಲಿ ಬೆಲೆಯಿಲ್ಲ. ಆ ಕರೆಂಟಿನಲ್ಲಿ ಗೇನ್ ಕಡಿಮೆಯಾದರೆ ಡ್ರೈವರ್ ಹೆಚ್ಚು ದುಡಿದು ಸುಡುತ್ತದೆ.

ನನ್ನ ಆಂಪ್ಲಿಫೈಯರಿನಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರ್‌ಗಳಿವೆ. ಸಿಲಿಕಾನ್ ಹಾಕಬಹುದೇ?

ನೇರವಾಗಿ ಹಾಕುವಂತಿಲ್ಲ. ಜರ್ಮೇನಿಯಂಗೆ ಬೇಕಾದ ಬಯಾಸ್ (ಸಿಗ್ನಲ್ ಇಲ್ಲದಾಗಲೂ ಬೇಸ್‌ಗೆ ಕೊಡುವ ವೋಲ್ಟೇಜ್) ಸುಮಾರು 0.2 ವೋಲ್ಟ್, ಸಿಲಿಕಾನ್‌ಗೆ ಸುಮಾರು 0.6 ವೋಲ್ಟ್. ಬಯಾಸ್ ಬದಲಿಸದೆ ಸಿಲಿಕಾನ್ ಹಾಕಿದರೆ ಮೆಲುದನಿಯಲ್ಲಿ ನುಡಿಸಿದಾಗ ಸ್ವರ ಹರಿದುಹೋದಂತೆ ಕೇಳಿಸುತ್ತದೆ, ಸ್ವರದ ಬಾಲ ಥಟ್ಟನೆ ಕತ್ತರಿಸುತ್ತದೆ. ಬಯಾಸ್ ಜಾಲದ ರೆಸಿಸ್ಟರ್‌ಗಳನ್ನು ಬದಲಿಸಬೇಕು, ಹೀಟ್‌ಸಿಂಕಿಗೆ ಅಂಟಿಸಿರುವ ಥರ್ಮಿಸ್ಟರಿನ (ಬಿಸಿಗೆ ತಕ್ಕಂತೆ ಬದಲಾಗುವ ರೆಸಿಸ್ಟರಿನ) ಪಾತ್ರವನ್ನೂ ಹೊಸದಾಗಿ ಲೆಕ್ಕ ಹಾಕಬೇಕು. ಈ ಟ್ರಾನ್ಸಿಸ್ಟರ್‌ಗಳಲ್ಲಿ ಹೆಚ್ಚಿನವು ಪಿಎನ್‌ಪಿ ಆದ್ದರಿಂದ ಚಾಸಿಗೆ (ಲೋಹದ ಚೌಕಟ್ಟಿಗೆ) ಸಪ್ಲೈಯ ಧನ ತುದಿಯನ್ನು ಕೂಡಿಸಿರುವ ಸಾಧ್ಯತೆಯಿದೆ. ಎನ್‌ಪಿಎನ್ ಹಾಕಲು ಹೋದರೆ ಅನಾಹುತ.

ನನ್ನ ಅಭಿಪ್ರಾಯದಲ್ಲಿ, ಒಳ್ಳೆಯ ಸ್ಥಿತಿಯ ಜರ್ಮೇನಿಯಂ ಸಿಗುವುದಾದರೆ ಅದನ್ನೇ ಹಾಕುವುದು ಲೇಸು. ಆದರೆ ಸೋರಿಕೆ ಕರೆಂಟನ್ನು ಅಳೆಯದೆ ಹಾಕಬೇಡಿ. ದಶಕಗಳ ಕಾಲ ಪೆಟ್ಟಿಗೆಯಲ್ಲೇ ಇದ್ದ ಹೊಸ ಜರ್ಮೇನಿಯಂ ಕೂಡ ಸೋರುವುದುಂಟು, ಮತ್ತು ಬಿಸಿಯೇರಿದಂತೆ ಸೋರಿಕೆ ವೇಗವಾಗಿ ಹೆಚ್ಚುತ್ತದೆ. ಸಿಲಿಕಾನ್ ತನ್ನೊಳಗೆ 200 ಡಿಗ್ರಿಯವರೆಗೆ ತಾಳಿದರೆ ಜರ್ಮೇನಿಯಂನ ಮಿತಿ 100 ಡಿಗ್ರಿಯ ಆಸುಪಾಸಿನದು.

ಡಾರ್ಲಿಂಗ್ಟನ್ ಅಥವಾ ಮಾಸ್‌ಫೆಟ್ ಇದ್ದರೆ?

ಡಾರ್ಲಿಂಗ್ಟನ್ ಎಂದರೆ ಒಂದೇ ಕವಚದಲ್ಲಿ ಎರಡು ಟ್ರಾನ್ಸಿಸ್ಟರ್. ಕೆಲಸ ಮಾಡುವಾಗ ಅದರ ಬೇಸ್‌–ಎಮಿಟರ್ ವೋಲ್ಟೇಜ್ ಸುಮಾರು 1.2ರಿಂದ 1.4. ಅದರ ಜಾಗಕ್ಕೆ ಸಾಮಾನ್ಯ ಟ್ರಾನ್ಸಿಸ್ಟರ್ ಹಾಕಿದರೆ ಬಯಾಸ್ ಮಿತಿಮೀರಿ ಅದು ತಕ್ಷಣ ಸುಡುತ್ತದೆ.

ಲ್ಯಾಟರಲ್ ಮಾಸ್‌ಫೆಟ್‌ಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. 2ಎಸ್‌ಕೆ134 ಮತ್ತು 2ಎಸ್‌ಜೆ49 ಜೋಡಿಯಲ್ಲಿ ಲೋಹದ ಕವಚ ಸೋರ್ಸ್ (ಎಮಿಟರಿಗೆ ಸಮನಾದ ತುದಿ) ಆಗಿರುತ್ತದೆ, ಡ್ರೈನ್ (ಕಲೆಕ್ಟರಿಗೆ ಸಮನಾದ ತುದಿ) ಅಲ್ಲ. ಸ್ವಿಚಿಂಗ್‌ಗಾಗಿ ಮಾಡಿದ ಸಾಮಾನ್ಯ ಮಾಸ್‌ಫೆಟ್‌ನಲ್ಲಿ ಕಾಲುಗಳ ಕ್ರಮವೂ ಬೇರೆ, ಆರಂಭದ ಗೇಟ್ ವೋಲ್ಟೇಜೂ ಬೇರೆ, ಬಿಸಿಯಾದಾಗಿನ ನಡತೆಯೂ ಬೇರೆ. ಲ್ಯಾಟರಲ್‌ನ ಬದಲಿ ಲ್ಯಾಟರಲ್ ಮಾತ್ರ.

ಟಿಓ-3 ಬದಲು ಪ್ಲಾಸ್ಟಿಕ್ ಕವಚದ್ದು ಹಾಕಬಹುದೇ?

ವಿದ್ಯುತ್ ಗುಣಗಳು ಹೊಂದಿದರೂ ಶಾಖ ಸಾಗಿಸುವ ಏರ್ಪಾಡು ಹೊಂದಬೇಕು. ಹೊಸ ರಂಧ್ರ ಕೊರೆದು ಹಳೆಯ ಚಾಸಿಯನ್ನು ಕೆಡಿಸುವುದನ್ನು ನಾನು ಒಪ್ಪುವುದಿಲ್ಲ. ಟಿಓ-3ರ ಎರಡು ತಿರುಪು ರಂಧ್ರಗಳ ನಡುವಿನ ದೂರ ಸುಮಾರು 30 ಮಿಲಿಮೀಟರ್. ಅದೇ ಆಕಾರದಲ್ಲಿ ಚಿಕ್ಕದಾಗಿ ಕಾಣುವ, ರಂಧ್ರಗಳ ದೂರ ಸುಮಾರು 24 ಮಿಲಿಮೀಟರ್ ಇರುವ ಕವಚ ಟಿಓ-66. 2ಎನ್3054 ಈ ಕವಚದಲ್ಲಿತ್ತು. ಡ್ರೈವರ್ ಸ್ಥಾನದಲ್ಲಿ ಹೆಚ್ಚಾಗಿ ಕಾಣುವ ಇಂಥವುಗಳಿಗೆ ಹೊಸ ಬದಲಿ ಸುಲಭವಾಗಿ ಸಿಗದ ಕಾರಣ ಅಲ್ಲಿ ಮಾತ್ರ ಟಿಓ-220 ಕವಚದ ಟ್ರಾನ್ಸಿಸ್ಟರನ್ನು ಹೊಂದಿಸಿ ಕೂರಿಸುವುದು ಅನಿವಾರ್ಯವಾಗಬಹುದು.

ನಕಲಿಯನ್ನು ಗುರುತಿಸುವುದು ಹೇಗೆ?

ಅಧಿಕೃತ ವಿತರಕರಿಂದ ಕೊಳ್ಳುವುದಕ್ಕಿಂತ ಖಚಿತವಾದ ರಕ್ಷಣೆ ಇಲ್ಲ. ಬೇರೆ ಕಡೆಯಿಂದ ಬಂದದ್ದಾದರೆ ಚಿಹ್ನೆ ಮತ್ತು ದಿನಾಂಕ ಒಂದಕ್ಕೊಂದು ಹೊಂದುತ್ತವೆಯೇ ನೋಡಿ. ಮೋಟರೋಲಾ ತನ್ನ ಬಿಡಿ ಸೆಮಿಕಂಡಕ್ಟರ್ ವಿಭಾಗವನ್ನು 1999ರಲ್ಲಿ ಆನ್ ಸೆಮಿಕಂಡಕ್ಟರ್ ಎಂಬ ಪ್ರತ್ಯೇಕ ಕಂಪನಿಯಾಗಿ ಬೇರ್ಪಡಿಸಿತು. ಹಾಗಿರುವಾಗ ಮೋಟರೋಲಾ ಚಿಹ್ನೆಯ ಜೊತೆಗೆ 2010ರ ದಿನಾಂಕ ಸೂಚಿ ಇದ್ದರೆ ಅದು ನಂಬತಕ್ಕದ್ದಲ್ಲ. ಮುದ್ರಣವನ್ನು ಅಸಿಟೋನ್ ಹಚ್ಚಿ ಉಜ್ಜಿದಾಗ ಅಡಿಯಲ್ಲಿ ಬೇರೆ ಸಂಖ್ಯೆಯ ಗುರುತು ಕಾಣಬಹುದು. ಅನುಮಾನ ಉಳಿದರೆ ಒಂದನ್ನು ಬಲಿಕೊಟ್ಟು ಮುಚ್ಚಳವನ್ನು ಗರಗಸದಿಂದ ತೆರೆಯಿರಿ: 250 ವ್ಯಾಟ್ ಎಂದು ಬರೆದಿರುವ ಟ್ರಾನ್ಸಿಸ್ಟರಿನೊಳಗೆ 2 ಮಿಲಿಮೀಟರ್ ಅಗಲದ ಚಿಪ್ ಇದ್ದರೆ ಉಳಿದವನ್ನೂ ಬಳಸಬೇಡಿ.

ಟ್ರಾನ್ಸಿಸ್ಟರಿಗೂ ಹೀಟ್‌ಸಿಂಕಿಗೂ ನಡುವೆ ಇಡುವ ಅಭ್ರಕದ ಹಾಳೆಯನ್ನು ಮತ್ತೆ ಬಳಸಬಹುದೇ?

ಸೀಳು, ಚುಚ್ಚಿದ ಗುರುತು ಇಲ್ಲದಿದ್ದರೆ ಬಳಸಬಹುದು, ಆದರೆ ಹೊಸದೇ ವಾಸಿ. ಶಾಖ ಸಾಗಿಸುವ ಹಳೆಯ ಒಣಗಿದ ಪೇಸ್ಟನ್ನು ಪೂರ್ತಿ ಒರೆಸಿ, ಎರಡೂ ಬದಿಗೆ ತೆಳುವಾಗಿ ಹೊಸ ಪೇಸ್ಟ್ ಹಚ್ಚಿ. ಟಿಓ-3ರ ಕವಚವೇ ಕಲೆಕ್ಟರ್ ಆದ್ದರಿಂದ ತಿರುಪು ಬಿಗಿದ ನಂತರ ಕವಚಕ್ಕೂ ಹೀಟ್‌ಸಿಂಕಿಗೂ ನಡುವೆ ಸಂಪರ್ಕವಿಲ್ಲ ಎಂಬುದನ್ನು ಮೀಟರಿನಲ್ಲಿ ನೋಡಿಯೇ ಮುಂದುವರಿಯಬೇಕು.

ಹೊಸದನ್ನು ಹಾಕಿದೆ, ಕೂಡಲೇ ಮತ್ತೆ ಸುಟ್ಟುಹೋಯಿತು. ಏಕೆ?

ಕಾರಣವನ್ನು ಹುಡುಕದೆ ಹಾಕಿದ್ದರಿಂದ. ನಾನು ಈ ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ಒಂದು ಕೀಬೋರ್ಡ್ ಆಂಪ್ಲಿಫೈಯರಿನಲ್ಲಿ ಎರಡು ಬಾರಿ ಔಟ್‌ಪುಟ್ ಜೋಡಿಯನ್ನು ಕಳೆದುಕೊಂಡ ಮೇಲೆ ಬಯಾಸ್ ಡಯೋಡಿನ ಒಂದು ಕಾಲು ಬೆಸುಗೆಯಿಂದ ಬಿಟ್ಟುಕೊಂಡಿರುವುದು ಕಣ್ಣಿಗೆ ಬಿತ್ತು. ಆ ಡಯೋಡ್ ಸಂಪರ್ಕ ತಪ್ಪಿದರೆ ಎರಡೂ ಟ್ರಾನ್ಸಿಸ್ಟರ್ ಏಕಕಾಲಕ್ಕೆ ಪೂರ್ತಿ ಕರೆಂಟ್ ಹರಿಸತೊಡಗುತ್ತವೆ. ಅಂದಿನಿಂದ ಹೊಸ ಟ್ರಾನ್ಸಿಸ್ಟರನ್ನು ಪೊಟ್ಟಣದಿಂದ ತೆಗೆಯುವ ಮೊದಲು ಡ್ರೈವರ್‌ಗಳು, ಎಮಿಟರ್ ರೆಸಿಸ್ಟರ್‌ಗಳು, ಬೇಸ್‌–ಎಮಿಟರ್ ನಡುವಿನ ರೆಸಿಸ್ಟರ್‌ಗಳು, ಬಯಾಸ್ ಡಯೋಡ್‌ಗಳು ಮತ್ತು ಬಯಾಸ್ ಪ್ರಿಸೆಟ್ (ಬಯಾಸನ್ನು ತಿರುಗಿಸಿ ಹೊಂದಿಸುವ ಸಣ್ಣ ರೆಸಿಸ್ಟರ್) ಇವೆಲ್ಲವನ್ನೂ ಬಿಡಿಯಾಗಿ ಅಳೆಯುತ್ತೇನೆ. ಸುಟ್ಟ ಔಟ್‌ಪುಟ್ ತನ್ನ ಡ್ರೈವರನ್ನೂ ಜೊತೆಗೆ ಕೊಂಡೊಯ್ಯುವುದು ಸಾಮಾನ್ಯ. ಸರ್ಕ್ಯೂಟಿನಲ್ಲಿದ್ದಂತೆಯೇ ಅಳೆದರೆ 100 ಓಮ್‌ನ ರೆಸಿಸ್ಟರೋ ಡ್ರೈವರ್ ಟ್ರಾನ್ಸ್‌ಫಾರ್ಮರಿನ ಸುತ್ತೋ ಮೀಟರಿನ ದಾರಿ ತಪ್ಪಿಸುತ್ತದೆ, ಆದ್ದರಿಂದ ಒಂದು ಕಾಲನ್ನಾದರೂ ಬಿಡಿಸಿ ಅಳೆಯಿರಿ.

ಮೊದಲ ಬಾರಿ ಚಾಲೂ ಮಾಡುವ ಕ್ರಮ ಯಾವುದು?

ಸ್ಪೀಕರ್ ಜೋಡಿಸಬೇಡಿ. ವಿದ್ಯುತ್ ತಂತಿಗೆ ಸರಣಿಯಲ್ಲಿ 60ರಿಂದ 100 ವ್ಯಾಟಿನ ತಂತಿ ಬಲ್ಬ್ ಹಾಕಿ, ಬಯಾಸ್ ಪ್ರಿಸೆಟ್ ಇದ್ದರೆ ಅದನ್ನು ಕನಿಷ್ಠಕ್ಕೆ ತಿರುಗಿಸಿ. ಬಲ್ಬ್ ಒಮ್ಮೆ ಹೊಳೆದು ಮಂಕಾದರೆ ಸರಿ. ಹೊಳೆಯುತ್ತಲೇ ಇದ್ದರೆ ಕೂಡಲೇ ಆರಿಸಿ. ಮಂಕಾದ ಮೇಲೆ, ಧನ ಮತ್ತು ಋಣ ಸಪ್ಲೈ ಇರುವ ಆಂಪ್ಲಿಫೈಯರಿನಲ್ಲಿ ಸ್ಪೀಕರ್ ತುದಿಯ ಡಿಸಿ ವೋಲ್ಟೇಜ್ ಅಳೆಯಿರಿ. ಅದು 50 ಮಿಲಿವೋಲ್ಟಿನ ಒಳಗಿದ್ದರೆ ನೆಮ್ಮದಿ, ಕೆಲವು ಹಳೆಯ ವಿನ್ಯಾಸಗಳಲ್ಲಿ ತುಸು ಹೆಚ್ಚಿರಬಹುದು. ಒಂದೇ ಸಪ್ಲೈಯ ಆಂಪ್ಲಿಫೈಯರಿನಲ್ಲಿ ಔಟ್‌ಪುಟ್ ಕೆಪಾಸಿಟರಿನ ಹಿಂದಿನ ಬಿಂದುವಿನಲ್ಲಿ ಸಪ್ಲೈಯ ಅರ್ಧದಷ್ಟು ವೋಲ್ಟೇಜ್ ಕಾಣಬೇಕು.

ಬಳಿಕ ಬಲ್ಬ್ ತೆಗೆದು, ಎಮಿಟರ್ ರೆಸಿಸ್ಟರಿನ ಎರಡು ತುದಿಗಳ ನಡುವಿನ ವೋಲ್ಟೇಜ್ ನೋಡುತ್ತಾ ಬಯಾಸನ್ನು ನಿಧಾನವಾಗಿ ಏರಿಸಿ, 0.33 ಓಮ್ ಮೇಲೆ 10 ಮಿಲಿವೋಲ್ಟ್ ಎಂದರೆ ಸುಮಾರು 30 ಮಿಲಿಆಂಪಿಯರ್. ತಯಾರಕರು ಕೊಟ್ಟ ಅಂಕಿಯಿದ್ದರೆ ಅದನ್ನೇ ಅನುಸರಿಸಿ. ಆಮೇಲೆ ಸ್ಪೀಕರಿನ ಬದಲು ತಕ್ಕ ವ್ಯಾಟಿನ ರೆಸಿಸ್ಟರನ್ನು ಲೋಡ್ ಆಗಿ ಕೂಡಿಸಿ, ಅರ್ಧ ಗಂಟೆಯಾದರೂ ಸಿಗ್ನಲ್ ಕೊಟ್ಟು ಹೀಟ್‌ಸಿಂಕ್ ಬಿಸಿಯಾಗಲು ಬಿಡಿ. ಬಿಸಿಯಲ್ಲೂ ಬಯಾಸ್ ಮತ್ತೆ ಮತ್ತೆ ಏರುತ್ತಲೇ ಹೋಗದೆ ಒಂದು ಮಟ್ಟದಲ್ಲಿ ನಿಂತರೆ ಆಗ ಸ್ಪೀಕರ್ ಜೋಡಿಸಬಹುದು.

ಬದಲಿಸಿದ ಮೇಲೆ ಆಂಪ್ಲಿಫೈಯರಿನ ಮೂಲ ಸ್ವರಗುಣ ಹೋಗಿಬಿಡುವುದೇ?

ಸಿಲಿಕಾನ್ ಜಾಗಕ್ಕೆ ಸರಿಯಾದ ಸಿಲಿಕಾನ್ ಹಾಕಿ, ಬಯಾಸ್ ಸರಿಯಾಗಿ ಇಟ್ಟಿದ್ದರೆ, ಕ್ಲಿಪ್ ಆಗದ ಮಟ್ಟದಲ್ಲಿ ವ್ಯತ್ಯಾಸ ನನ್ನ ಕಿವಿಗೆ ಎಂದೂ ಕೇಳಿಸಿಲ್ಲ. ಈ ಆಂಪ್ಲಿಫೈಯರ್‌ಗಳ ಸ್ವರಗುಣ ಹೆಚ್ಚಾಗಿ ಪ್ರೀಆಂಪ್, ಟೋನ್ ಜಾಲ ಮತ್ತು ಸ್ಪೀಕರಿನಲ್ಲಿದೆ. ಆದರೂ ತೆಗೆದ ಹಳೆಯ ಟ್ರಾನ್ಸಿಸ್ಟರ್‌ಗಳನ್ನು ಎಸೆಯಬೇಡಿ. ಯಾವುದರ ಬದಲು ಯಾವುದನ್ನು ಹಾಕಲಾಗಿದೆ, ಬಯಾಸ್ ಎಷ್ಟಕ್ಕೆ ಇಡಲಾಗಿದೆ ಎಂದು ಚೀಟಿಯಲ್ಲಿ ಬರೆದು, ಅವುಗಳ ಜೊತೆ ಪೊಟ್ಟಣದಲ್ಲಿ ಹಾಕಿ ಆಂಪ್ಲಿಫೈಯರಿನ ಮಾಲೀಕರ ಕೈಗೆ ಕೊಡಿ.